ಮೊದಲು ಮಾರಿ ಆಮೇಲೆ ಕೊಳ್ಳುವ ವ್ಯಾಪಾರ

ಕೊಂಡದ್ದನ್ನು ಮಾರುವುದು ಲೋಕರೂಢಿ. ಮೊದಲು ಮಾರಿ ಆಮೇಲೆ ಕೊಳ್ಳುವ ರೂಢಿಯೂ ಷೇರುಪೇಟೆಯಲ್ಲಿ ಉಂಟು. ಇದೇನು ಕಣ್ಕಟ್ಟು ಎಂದು ನೀವು ಕೇಳಬಹುದು. ಕಣ್ಕಟ್ಟೇನೂ ಇಲ್ಲ. ಅಕ್ಕಿ ತುಟ್ಟಿಯಾಗಿರುವಾಗ ನೆರೆಮನೆಯಿಂದ ಒಂದು ಮೂಟೆ ಎರವಲು ತಂದು ಮಾರಿದಿರಿ ಎನ್ನಿ. ಸುಗ್ಗಿಯಲ್ಲಿ ಬೆಲೆ ಇಳಿದ ಮೇಲೆ ಒಂದು ಮೂಟೆ ಕೊಂಡು ಹಿಂದಕ್ಕೆ ಕೊಟ್ಟಿರಿ. ಎರಡು ಬೆಲೆಗಳ ನಡುವಣ ಅಂತರ ನಿಮಗೆ ಲಾಭ. ಆದರೆ ಬೆಳೆ ಕೆಟ್ಟು ಅಕ್ಕಿ ಇನ್ನೂ ತುಟ್ಟಿಯಾದರೆ? ಮೂಟೆಯನ್ನಂತೂ ಹಿಂದಿರುಗಿಸಲೇಬೇಕು, ಅಂತರವನ್ನು ನೀವೇ ತೆರಬೇಕು. ಷೇರುಪೇಟೆಯವರು ಇದನ್ನೇ ಶಾರ್ಟ್ ಸೆಲ್ಲಿಂಗ್ ಎನ್ನುತ್ತಾರೆ.

ನಮ್ಮ ದೇಶದಲ್ಲಿ ಸಾಮಾನ್ಯ ಗಿರಾಕಿ ನಗದು ಪೇಟೆಯಲ್ಲಿ ಹೀಗೆ ಮಾರಿದರೆ ಅದೇ ದಿನ ಪೇಟೆ ಮುಚ್ಚುವುದರೊಳಗೆ ಕೊಂಡು ಲೆಕ್ಕ ಚುಕ್ತಾ ಮಾಡಬೇಕು. ಹೆಚ್ಚು ದಿನ ಕಾಯುವವರಿಗೆ ಫ್ಯೂಚರ್ಸ್ ಕರಾರು ಉಂಟು. 2008ರಲ್ಲಿ ಆರಂಭವಾದ ಷೇರು ಎರವಲಿನ ಏರ್ಪಾಡೂ ಉಂಟು.

ಪೇಟೆಯಲ್ಲಿ ಸಾವಿರಾರು ಷೇರುಗಳು. ಇವುಗಳಲ್ಲಿ ಇಳಿಯುವುದು ಯಾವುದು? ಇದನ್ನು ಆರಿಸಲು ಈಗ ಕೈಯಲ್ಲಿರುವ ಫೋನಿನಲ್ಲಿಯೇ ಲೆಕ್ಕದ ಜರಡಿಗಳು ಸಿಗುತ್ತವೆ. ಕೆಲವು ಷರತ್ತುಗಳನ್ನು ಹಾಕಿದರೆ ಸಾವಿರ ಷೇರು ಹೋಗಿ ಹತ್ತು ಉಳಿಯುತ್ತವೆ. ಆ ಷರತ್ತುಗಳು ಎಂಥವು, ನೋಡೋಣ.

ಮೊದಲನೆಯದು, ದಿನದಿನವೂ ಧಾರಾಳವಾಗಿ ಕೈ ಬದಲಾಯಿಸುವ ಷೇರೇ ಆಗಬೇಕು. ವ್ಯಾಪಾರ ತೆಳುವಾಗಿರುವ ಷೇರು ಒಂದೇ ನೆಗೆತಕ್ಕೆ ದಿನದ ಮೇಲ್ಮಿತಿಯನ್ನು ಮುಟ್ಟಿದರೆ ಆಮೇಲೆ ಮಾರುವವರೇ ಸಿಗುವುದಿಲ್ಲ. ಮಾರಿದವರು ಕೊಳ್ಳಲಾರದೆ, ವ್ಯವಹಾರ ಹರಾಜಿಗೆ ಹೋಗಿ, ಹೆಚ್ಚಿನ ಬೆಲೆ ತೆರಬೇಕಾಗುತ್ತದೆ. ಎರಡನೆಯದು, ಷೇರಿನ ಬೆಲೆ ಕಳೆದ 200 ದಿನಗಳ ಸರಾಸರಿಗಿಂತ ಕೆಳಗಿರಬೇಕು; 50 ದಿನಗಳ ಸರಾಸರಿಯೂ 200 ದಿನಗಳದಕ್ಕಿಂತ ಕೆಳಗಿರಬೇಕು. ಇಳಿತ ನಿನ್ನೆ ಮೊನ್ನೆಯದಲ್ಲ ಎಂಬುದಕ್ಕೆ ಇದು ಗುರುತು. ಮೂರನೆಯದು, ಬೆಲೆ ಏರಿದ ದಿನಗಳಿಗಿಂತ ಇಳಿದ ದಿನಗಳಲ್ಲಿ ವ್ಯಾಪಾರ ಜೋರಾಗಿರಬೇಕು.

ನಾಲ್ಕನೆಯದು ಆರ್.ಎಸ್.ಐ. ಎಂಬ ಅಳತೆ. ಇದನ್ನು ಅಮೆರಿಕದ ವೆಲ್ಸ್ ವೈಲ್ಡರ್ 1978ರಲ್ಲಿ ಪ್ರಕಟಿಸಿದರು. ಸಾಮಾನ್ಯವಾಗಿ ಹಿಂದಿನ 14 ದಿನಗಳ ಏರಿಕೆಯನ್ನು ಇಳಿತದೊಡನೆ ತೂಗಿ, ಸೊನ್ನೆಯಿಂದ ನೂರರವರೆಗೆ ಒಂದು ಅಂಕಿ ಕೊಡುತ್ತದೆ. 70 ದಾಟಿದರೆ ಬೆಲೆ ಅತಿಯಾಗಿ ಏರಿದೆ, 30ಕ್ಕಿಂತ ಇಳಿದರೆ ಅತಿಯಾಗಿ ಇಳಿದಿದೆ ಎಂದು ವಾಡಿಕೆಯ ಮಾತು. ಹೊಸಬರು ಎಡವುವುದು ಇಲ್ಲಿಯೇ. 70 ದಾಟಿತೆಂದು ಮಾರುತ್ತಾರೆ. ಬಲವಾದ ಷೇರು ವಾರಗಟ್ಟಲೆ ಅಲ್ಲಿಯೇ ನಿಂತು ಇನ್ನೂ ಏರುತ್ತದೆ. 30ಕ್ಕೆ ಬಂದದ್ದನ್ನು ಮಾರುತ್ತಾರೆ. ಅದು ಬಿದ್ದು ದಣಿದು ಚಿಮ್ಮುವ ಹೊತ್ತಾಗಿರುತ್ತದೆ. ಇಳಿಮುಖವಾದ ಷೇರು ಸ್ವಲ್ಪ ಚೇತರಿಸಿ, 50-60ರ ನಡುವೆ ಬಂದು, ಮತ್ತೆ ಕೆಳಕ್ಕೆ ತಿರುಗುವುದನ್ನು ಕಾಯುವುದು ವಿವೇಕ.

ಇಷ್ಟಾದರೂ ಒಂದು ಮಾತನ್ನು ಮರೆಯಬಾರದು. ಜರಡಿ ತಿಳಿಸುವುದು ನಡೆದುಹೋದದ್ದನ್ನು. ನಾಳೆಯ ಸುದ್ದಿ ಅದಕ್ಕೆ ತಿಳಿಯದು. 2008ರ ಅಕ್ಟೋಬರಿನಲ್ಲಿ ಪ್ರಪಂಚದ ಪೇಟೆಗಳೆಲ್ಲ ಕುಸಿಯುತ್ತಿದ್ದವು. ಜರ್ಮನಿಯ ಫೋಕ್ಸ್‌ವ್ಯಾಗನ್ ಷೇರೂ ಇಳಿಯುವುದೆಂದು ದೊಡ್ಡ ದೊಡ್ಡ ನಿಧಿಗಳವರು ಎರವಲು ತಂದು ಮಾರಿದ್ದರು. ಅಕ್ಟೋಬರ್ 26, ಭಾನುವಾರ. ಸ್ವಂತ ಷೇರುಗಳೂ ಆಪ್ಷನ್ ಕರಾರುಗಳೂ ಸೇರಿ ಶೇಕಡ 74.1 ಭಾಗ ತನ್ನ ಹಿಡಿತದಲ್ಲಿದೆಯೆಂದು ಪೋರ್ಷೆ ಕಂಪನಿ ಪ್ರಕಟಿಸಿತು. ಸುಮಾರು ಶೇಕಡ 20 ಲೋವರ್ ಸ್ಯಾಕ್ಸನಿ ರಾಜ್ಯದ ಕೈಯಲ್ಲಿತ್ತು. ಪೇಟೆಯಲ್ಲಿ ಉಳಿದದ್ದು ಸುಮಾರು ಶೇಕಡ ಆರು. ಹಿಂದಿರುಗಿಸಬೇಕಾದವರು ಅದಕ್ಕಿಂತ ಹೆಚ್ಚು. ಶುಕ್ರವಾರ 210 ಯೂರೋ ಆಸುಪಾಸಿನಲ್ಲಿದ್ದ ಬೆಲೆ ಮಂಗಳವಾರ ಸಾವಿರ ದಾಟಿತು. ಯಾವ ಸರಾಸರಿಯೂ ಯಾವ ಅಂಕಿಯೂ ಅದನ್ನು ಮುಂಚಿತವಾಗಿ ಹೇಳಿರಲಿಲ್ಲ.

ಷೇರು ಕೊಂಡವನ ನಷ್ಟಕ್ಕೆ ತಳವುಂಟು: ಬೆಲೆ ಸೊನ್ನೆಗಿಂತ ಕೆಳಗಿಳಿಯದು. ಇಲ್ಲದ್ದನ್ನು ಮಾರಿದವನ ನಷ್ಟಕ್ಕೆ ಸೂರಿಲ್ಲ. ಆದಕಾರಣ ಲಾಭದ ಲೆಕ್ಕಕ್ಕಿಂತ ಮೊದಲು ನಷ್ಟದ ಲೆಕ್ಕ ಹಾಕಬೇಕು. 600 ರೂಪಾಯಿ ಹೋದರೂ ಸಂಸಾರಕ್ಕೆ ಬಾಧೆಯಿಲ್ಲ ಎಂದುಕೊಳ್ಳೋಣ. 200 ರೂಪಾಯಿಗೆ ಮಾರಿ, 206ಕ್ಕೆ ಏರಿದರೆ ಕೊಂಡುಬಿಡುವುದೆಂದು ಗಡಿ ಹಾಕಿಕೊಂಡರೆ, ಷೇರೊಂದಕ್ಕೆ ನಷ್ಟ 6 ರೂಪಾಯಿ. 600ನ್ನು 6ರಿಂದ ಭಾಗಿಸಿ: ನೀವು ಮಾರಬಹುದಾದದ್ದು 100 ಷೇರು, ಅದಕ್ಕಿಂತ ಒಂದೂ ಹೆಚ್ಚಲ್ಲ. ಗಡಿಯ ಆದೇಶವನ್ನು ಮಾರಿದ ಕೂಡಲೇ ಕೊಡಬೇಕು. ಆಮೇಲೆ ನೋಡೋಣ ಎನ್ನಬಾರದು. ಕಂಪನಿ ತನ್ನ ಲಾಭನಷ್ಟ ಪ್ರಕಟಿಸುವ ದಿನ ಸಮೀಪಿಸಿದ್ದರೆ ಆ ಷೇರನ್ನು ಬಿಟ್ಟುಬಿಡುವುದೇ ಲೇಸು.

ಷೇರುಪೇಟೆಯ ನಿಯಂತ್ರಕರಾದ ಸೆಬಿಯವರು 2024ರ ಜುಲೈಯಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. 2022-23ರಲ್ಲಿ ನಗದು ಪೇಟೆಯಲ್ಲಿ ಅದೇ ದಿನ ಕೊಂಡು ಮಾರುವ ವ್ಯವಹಾರ ಮಾಡಿದ ಬಿಡಿ ವ್ಯಕ್ತಿಗಳಲ್ಲಿ ಹತ್ತಕ್ಕೆ ಏಳು ಮಂದಿ ನಷ್ಟಪಟ್ಟರು. ವರ್ಷಕ್ಕೆ 500ಕ್ಕಿಂತ ಹೆಚ್ಚು ವ್ಯವಹಾರ ಮಾಡಿದವರಲ್ಲಿ ಹತ್ತಕ್ಕೆ ಎಂಟು ಮಂದಿ. ಹೆಚ್ಚು ಸಲ ಮಾಡಿದರೆ ಕೈ ಪಳಗೀತು ಎಂಬ ನಂಬಿಕೆಗೆ ಈ ಅಂಕಿಗಳಲ್ಲಿ ಆಧಾರವಿಲ್ಲ.

ಆದ್ದರಿಂದ ಜರಡಿ ಹಿಡಿಯುವ ಕುತೂಹಲವಿದ್ದರೆ ಮೂರು ತಿಂಗಳು ಕಾಗದದ ಮೇಲೆ ಮಾಡಿ ನೋಡಿ. ಆರಿಸಿದ ಷೇರು, ಮಾರಿದ ಬೆಲೆ, ಗಡಿ, ದಲ್ಲಾಳಿ ಖರ್ಚು, ಇಷ್ಟನ್ನೂ ಒಂದು ನೋಟುಪುಸ್ತಕದಲ್ಲಿ ಬರೆಯಿರಿ. ಕೊನೆಗೆ ಕೂಡಿ ಕಳೆಯಿರಿ. ಲೆಕ್ಕ ನಷ್ಟವನ್ನು ತೋರಿಸಿದರೆ, ಕೈಯಿಂದ ಕಾಸು ಹೋಗದೆ ಪಾಠ ಬಂತು. ಲಾಭವನ್ನು ತೋರಿಸಿದರೂ, ಮಗಳ ಓದಿಗೆಂದು ಇಟ್ಟ ಹಣ ಆ ಪುಸ್ತಕದ ಲೆಕ್ಕಕ್ಕೆ ಸೇರದಿರಲಿ.