ಏಣಿ ಹತ್ತುವ ಮುನ್ನ
(ರೈತ ತರಬೇತಿ ಶಿಬಿರದಲ್ಲಿ ಮಾಡಿದ ಭಾಷಣ)



ದೀಪಾವಳಿ ಹತ್ತಿರ ಬಂದಿದೆ. ಮಳೆ ಬಿಟ್ಟ ಮೇಲೆ ಮನೆಗೆ ಸುಣ್ಣಬಣ್ಣ ಮಾಡಿಸುವುದು ನಮ್ಮಲ್ಲಿ ವಾಡಿಕೆ. ಅದು ಮುಗಿಯುವಷ್ಟರಲ್ಲಿ ಅಡಿಕೆ ಕೊಯ್ಲು, ಅದರ ಹಿಂದೆಯೇ ಕಾಳುಮೆಣಸು. ಇನ್ನು ನಾಲ್ಕೈದು ತಿಂಗಳು ಏಣಿ ಮೂಲೆ ಸೇರುವುದಿಲ್ಲ. ಔಷಧಿಯ ಪ್ರಮಾಣವನ್ನು ಗ್ರಾಂ ಲೆಕ್ಕದಲ್ಲಿ ಕೇಳಿ ತಿಳಿಯುವ ನಾವು ಏಣಿ ಒರಗಿಸುವ ಲೆಕ್ಕವನ್ನು ಕೇಳುವುದಿಲ್ಲ. ಇಂದು ಅದನ್ನೇ ಹೇಳಬೇಕೆಂದಿದ್ದೇನೆ.

10 ಅಡಿ ಎತ್ತರದಿಂದ ಬಿದ್ದವನು ನೆಲ ಮುಟ್ಟಲು ಒಂದು ಸೆಕೆಂಡೂ ಬೇಡ. ಆಗ ಅವನ ವೇಗ ಗಂಟೆಗೆ ಸುಮಾರು 28 ಕಿಲೋಮೀಟರ್. ಬೀಳುವಾಗ ಏನನ್ನಾದರೂ ಹಿಡಿದುಕೊಂಡೇನು ಎಂಬುದು ಸುಳ್ಳು ಧೈರ್ಯ. ಬೆನ್ನುಹುರಿಗೆ ಪೆಟ್ಟಾದರೆ ದುಡಿಯುವ ಆಳು ಜೀವಮಾನವಿಡೀ ಹಾಸಿಗೆ ಹಿಡಿಯಬಹುದು.

ಒರಗಿಸುವ ಲೆಕ್ಕ ಸುಲಭ. 4 ಅಡಿ ಎತ್ತರಕ್ಕೆ 1 ಅಡಿ ದೂರ. ಏಣಿಯ ತುದಿ 12 ಅಡಿ ಎತ್ತರದಲ್ಲಿ ಗೋಡೆಗೆ ತಾಗಿದರೆ ಬುಡ ಗೋಡೆಯಿಂದ 3 ಅಡಿ ದೂರವಿರಬೇಕು. ಬುಡ ಹೆಚ್ಚು ದೂರವಾದರೆ ಜಾರುತ್ತದೆ. ತೀರ ಹತ್ತಿರವಾದರೆ ಆಳಿನ ಸಮೇತ ಹಿಂದಕ್ಕೆ ಮಗುಚುತ್ತದೆ. ತಾರಸಿಗೆ ಹತ್ತುವ ಏಣಿ ಅಂಚಿನಿಂದ 3 ಅಡಿ ಮೇಲಕ್ಕೆ ಚಾಚಿರಲಿ. ಇಳಿಯುವಾಗ ಹಿಡಿಯಲು ಆಸರೆ ಬೇಕು.

ಮನೆಯೊಳಗೆ ಎಲ್ಲಕ್ಕಿಂತ ಅಪಾಯದ ಜಾಗ ಮಹಡಿ ಮೆಟ್ಟಿಲಿನ ಮೇಲಿನ ಗೋಡೆ. ಏಣಿಯ ಒಂದು ಕಾಲು ಮೇಲಿನ ಮೆಟ್ಟಿಲಲ್ಲಿ, ಇನ್ನೊಂದರ ಕೆಳಗೆ ಇಟ್ಟಿಗೆ: ಇದನ್ನು ಖಂಡಿತ ಮಾಡಬಾರದು. ಅಲ್ಲಿ ಹೀಗೆ ಮಾಡಿ:

1. ಕುಂಚವನ್ನು ಬಿದಿರು ಗಳಕ್ಕೆ ಬಿಗಿದು ಮೆಟ್ಟಿಲ ಮೇಲೆ ನಿಂತೇ ಎಟುಕುವಷ್ಟು ಬಳಿಯಿರಿ. ಹತ್ತದೆ ಆಗುವ ಕೆಲಸಕ್ಕೆ ಹತ್ತಬೇಡಿ.

2. ಮೆಟ್ಟಿಲಿನ ಎದುರು ಗೋಡೆಗೆ ಏಣಿ ಒರಗಿಸುವಾಗ ಅದರ ಎರಡು ಕಾಲೂ ಒಂದೇ ಮೆಟ್ಟಿಲ ಮೇಲಿದ್ದು, ಹಿಂದಿನ ಮೆಟ್ಟಿಲಿಗೆ ಒತ್ತಿಕೊಂಡಿರಲಿ. ಆಗ ಬುಡ ಹಿಂದೆ ಸರಿಯದು.

3. ಪಕ್ಕದ ಎತ್ತರದ ಗೋಡೆಗೆ ಗಾರೆಯವರಿಂದ ಸಾರುವೆ ಕಟ್ಟಿಸಿ.

4. ಸುಣ್ಣದ ಡಬ್ಬಿ ಹಿಡಿದು ಹತ್ತಬೇಡಿ. ಬರಿಗೈಯಲ್ಲಿ ಹತ್ತಿ, ಡಬ್ಬಿಯನ್ನು ಹಗ್ಗದಿಂದ ಎಳೆದುಕೊಂಡು ಕೊಕ್ಕೆಗೆ ತೂಗುಹಾಕಿ. ಎರಡು ಕಾಲು, ಎರಡು ಕೈಗಳಲ್ಲಿ ಮೂರಾದರೂ ಏಣಿಯ ಮೇಲಿರಬೇಕು.

5. ಸುಣ್ಣ ಕಣ್ಣಿಗೆ ಸಿಡಿದರೆ ಕೂಡಲೇ ಇಳಿದು, ಶುದ್ಧ ನೀರಿನಿಂದ 20 ನಿಮಿಷ ತೊಳೆದು ವೈದ್ಯರಲ್ಲಿಗೆ ಹೋಗಿ. ಕಣ್ಣು ಉಜ್ಜಬೇಡಿ.

ಇನ್ನು ತೋಟದ ಮಾತು. ಅಲ್ಲಿ ಏಣಿ ಜಾರುವುದಕ್ಕಿಂತಲೂ ಹೆಚ್ಚಿನ ಭಯ ವಿದ್ಯುತ್ ತಂತಿಯದು. ಅಲ್ಯೂಮಿನಿಯಂ ಏಣಿಯಲ್ಲಿ ವಿದ್ಯುತ್ ಹರಿಯುತ್ತದೆಂದು ಎಲ್ಲರಿಗೂ ಗೊತ್ತು. ಈಗ ಬಂದಿರುವ ಕಾರ್ಬನ್ ಫೈಬರ್ ದೋಟಿಯಲ್ಲೂ ಹರಿಯುತ್ತದೆ ಎಂಬುದು ಹಲವರಿಗೆ ತಿಳಿದಿಲ್ಲ. ಹಸಿ ಬಿದಿರನ್ನೂ ನಂಬುವಂತಿಲ್ಲ. 11,000 ವೋಲ್ಟ್ ತಂತಿಗೆ ತಾಗಲೇಬೇಕೆಂದಿಲ್ಲ, ತೀರ ಸಮೀಪ ಹೋದರೂ ವಿದ್ಯುತ್ ಹಾರಬಹುದು. ಆದ್ದರಿಂದ ದೋಟಿ ಎತ್ತುವ ಮೊದಲು ತಲೆ ಎತ್ತಿ ನೋಡಿ. ತಂತಿ ಹತ್ತಿರವಿದ್ದರೆ ವಿದ್ಯುತ್ ಕಚೇರಿಗೆ ತಿಳಿಸಿ, ಸಂಪರ್ಕ ಕಡಿತವಾದುದನ್ನು ಖಚಿತಪಡಿಸಿಕೊಂಡೇ ಕೊಯ್ಲು ಮಾಡಿ, ಸಹಾಯವಾಣಿ 1912. ತಂತಿಗೆ ಸಿಕ್ಕವನನ್ನು ವಿದ್ಯುತ್ ನಿಲ್ಲುವವರೆಗೆ ಮುಟ್ಟಬೇಡಿ. ಒಂದು ಜೀವದ ಜೊತೆ ಇನ್ನೊಂದೂ ಹೋದೀತು.

ಬಿದ್ದವನನ್ನು ಎಬ್ಬಿಸಿ ಕೂರಿಸುವುದು, ತೋಳು ಹಿಡಿದು ಜೀಪಿಗೆ ಏರಿಸುವುದು ತಪ್ಪು. ಮುರಿದ ಬೆನ್ನೆಲುಬು ಅಲುಗಿದರೆ ನರಕ್ಕೆ ಹಾನಿ ಹೆಚ್ಚುತ್ತದೆ. ತಲೆ, ಕುತ್ತಿಗೆ ಅಲುಗದಂತೆ ಮಲಗಿದ್ದಲ್ಲೇ ಬಿಟ್ಟು 108ಕ್ಕೆ ಕರೆ ಮಾಡಿ.

ಕೊನೆಯದಾಗಿ, ಏಣಿ ಹತ್ತುವವನು ಮನೆಯ ಮಗನಾಗಲಿ, ಕೂಲಿಗೆ ಬಂದವನಾಗಲಿ ನಿಯಮ ಒಂದೇ. ಬುಡ ಹಿಡಿಯಲು ಇನ್ನೊಬ್ಬ ಆಳು ಇರಲೇಬೇಕು. ಆ ಒಂದು ಕೂಲಿ ಉಳಿಸಿದ್ದು ಉಳಿತಾಯವಲ್ಲ. ಸಂಜೆ ಅವನು ತನ್ನ ಕಾಲ ಮೇಲೆ ನಡೆದು ಮನೆಗೆ ಹೋಗುವುದೇ ಆ ದಿನದ ನಿಜವಾದ ಫಸಲು.