ಪಟ್ಟಿಯಲ್ಲಿ ನಮ್ಮೂರು
(ದೋಹಾದ ಕನ್ನಡಿಗರ ಕೂಟದಲ್ಲಿ ಆಡಿದ ಮಾತು)

ನಾನು ಕೋಡ್ ಬರೆಯುವವನು, ಭಾಷಣಕಾರನಲ್ಲ. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ಇವತ್ತು ಡಾ. ಡಿ. ಎಂ. ನಂಜುಂಡಪ್ಪನವರನ್ನು ನೆನೆಯೋಣ. ಅರ್ಥಶಾಸ್ತ್ರದ ಮೇಷ್ಟ್ರು, ಕರ್ನಾಟಕ ಮತ್ತು ಬೆಂಗಳೂರು ವಿಶ್ವವಿದ್ಯಾಲಯಗಳ ಕುಲಪತಿ, ರಾಜ್ಯ ಯೋಜನಾ ಮಂಡಳಿಯ ಉಪಾಧ್ಯಕ್ಷರಾಗಿ ಸರ್ಕಾರಕ್ಕೆ ಸಲಹೆ ಕೊಟ್ಟವರು.

ಅವರ ಸಮಿತಿ 2002ರಲ್ಲಿ ಪ್ರಾದೇಶಿಕ ಅಸಮತೋಲನದ ವರದಿ ಕೊಟ್ಟಿತು. ಜಿಲ್ಲೆಯ ಸರಾಸರಿ ನಂಬಿ ಕೂರದೆ 175 ತಾಲೂಕುಗಳನ್ನೂ 35 ಸೂಚಕಗಳಿಂದ ಅಳೆದರು. 114 ಹಿಂದುಳಿದವು, ಅವುಗಳಲ್ಲಿ 39 ಅತ್ಯಂತ ಹಿಂದುಳಿದವು. ಈ 39ರಲ್ಲಿ 21 ಗುಲ್ಬರ್ಗ ವಿಭಾಗದವು. ಎಂಟು ವರ್ಷಗಳಲ್ಲಿ 31 ಸಾವಿರ ಕೋಟಿ ಖರ್ಚು ಮಾಡಿ ಎಂದರು.

ನಾನು ದೇವದುರ್ಗದವನು. ಎಂಜಿನಿಯರಿಂಗ್ ಓದುವಾಗ ಆ 39ರಲ್ಲಿ ನಮ್ಮ ತಾಲೂಕಿನ ಹೆಸರು ಕಂಡು ನಾಚಿಕೆಯಾಯಿತು. ಕೆಲಸಕ್ಕೆ ಸೇರಿದ ಮೇಲೆ ತಿಳಿಯಿತು: ಬಗ್ ಎಲ್ಲಿದೆಯೆಂದು ಗೊತ್ತಾಗದೆ ಸರಿಪಡಿಸಲು ಬರುವುದಿಲ್ಲ. ಅವರು ನಮ್ಮನ್ನು ಹಳಿಯಲಿಲ್ಲ, ಬಗ್ ತೋರಿಸಿದರು.

ಕತಾರ್ 2008ರಲ್ಲಿ 2030ರ ರಾಷ್ಟ್ರೀಯ ಮುನ್ನೋಟ ಬರೆದುಕೊಂಡಿತು. ಕೈಯಲ್ಲಿ ಅನಿಲದ ಹಣವಿತ್ತು. ನಮ್ಮಲ್ಲಿ ಯೋಜನೆ ಮೊದಲು ಬಂತು, ಹಣ ತಡವಾಯಿತು. ವಿಶೇಷ ಅಭಿವೃದ್ಧಿ ಯೋಜನೆ ಶುರುವಾಗಿದ್ದು 2007-08ರಲ್ಲಿ. ನಂಜುಂಡಪ್ಪನವರು 2005ರಲ್ಲೇ ತೀರಿಕೊಂಡಿದ್ದರು.

ಗೆಳೆಯರೇ, ಈ ವರ್ಷ ನಾವು ಕೂಡಿಸುವ ಹಣ ಬೆಂಗಳೂರಿನ ಶಾಲೆಯೊಂದಕ್ಕೆ ಎಂಬ ಮಾತಿದೆ. ಒಮ್ಮೆ ಆ ಪಟ್ಟಿ ನೋಡಿ. 39ರಲ್ಲಿ ಒಂದನ್ನು ಆರಿಸೋಣ. ದೇವದುರ್ಗವೇ ಆಗಬೇಕೆಂದಿಲ್ಲ. ಏನಂತೀರಿ?

ಜೈ ಕರ್ನಾಟಕ.