ಇಂಗ್ಲಿಷ್ ತರಗತಿಗೆ ಒಂದು ಪಾರಸಿ ಚಿತ್ರ

ಹೈಸ್ಕೂಲಿನ ಇಂಗ್ಲಿಷ್ ಪಾಠಕ್ಕೆ ಪರದೇಶದ ಚಲನಚಿತ್ರವೊಂದನ್ನು ಆರಿಸುವುದಾದರೆ ಯಾವುದನ್ನು ಆರಿಸಬೇಕು? ಇಂಗ್ಲೆಂಡಿನದೋ ಅಮೆರಿಕೆಯದೋ ಆದರೆ ಮೇಲೆಂದು ನೀವು ಹೇಳಬಹುದು. ನಾನು ಸೂಚಿಸುವ ಚಿತ್ರದಲ್ಲಾದರೋ ಯಾರೂ ಇಂಗ್ಲಿಷ್ ಆಡುವುದೇ ಇಲ್ಲ. ಅದು ಇರಾನಿನ ಮಜೀದ್ ಮಜೀದಿಯವರು 1997ರಲ್ಲಿ ಪಾರಸಿ ಭಾಷೆಯಲ್ಲಿ ತೆಗೆದ ‘ಚಿಲ್ಡ್ರನ್ ಆಫ್ ಹೆವನ್’. ಇಂಗ್ಲಿಷ್ ಇರುವುದು ಪರದೆಯ ಅಡಿಬರಹದಲ್ಲಿ ಮಾತ್ರ.

ಅದೇ ಅದರ ಗುಣ. ಇಂಗ್ಲಿಷ್ ಚಿತ್ರದ ಸಂಭಾಷಣೆಯ ವೇಗಕ್ಕೆ ಕನ್ನಡ ಮಾಧ್ಯಮದ ಮಗುವಿನ ಕಿವಿ ಸೋಲುತ್ತದೆ. ಮುಂದಿನ ಬೆಂಚಿನ ನಾಲ್ವರು ನಕ್ಕಾಗ ಹಿಂದಿನ ಬೆಂಚಿನವರು ಅವರ ಮುಖ ನೋಡುತ್ತ ಕೂರಬೇಕು. ಪಾರಸಿಯ ಮುಂದಾದರೆ ಇಡೀ ತರಗತಿ ಸಮಾನ.

ಕಥೆ ಸರಳ. ಟೆಹರಾನಿನ ಬಡಮನೆಯ ಹುಡುಗ ಅಲಿ, ರಿಪೇರಿ ಮಾಡಿಸಿ ತರುತ್ತಿದ್ದ ತಂಗಿ ಜಹ್ರಾಳ ಜೋಡನ್ನು ದಾರಿಯಲ್ಲಿ ಕಳೆದುಕೊಳ್ಳುತ್ತಾನೆ. ಹೊಸದು ಕೊಡಿಸಲು ತಂದೆಯ ಬಳಿ ಹಣವಿಲ್ಲ. ಬೆಳಗಿನ ಶಾಲೆಗೆ ತಂಗಿ, ಮಧ್ಯಾಹ್ನದ ಶಾಲೆಗೆ ಅಣ್ಣ, ಅಣ್ಣನ ಒಂದೇ ಜೊತೆ ಜೋಡನ್ನು ಓಣಿಯಲ್ಲಿ ಬದಲಿಸಿಕೊಂಡು ಓಡುತ್ತಾರೆ. ತಂದೆಗೆ ತಿಳಿಯದಿರಲೆಂದು, ಆತ ಕೋಣೆಯಲ್ಲಿರುವಾಗಲೇ, ನೋಟ್‌ಬುಕ್ಕಿನಲ್ಲಿ ಬರೆದು ಬರೆದು ಮಾತಾಡಿಕೊಳ್ಳುತ್ತಾರೆ.

ಉಪಾಧ್ಯಾಯರು ಚಿತ್ರವನ್ನು ನಿಲ್ಲಿಸಬೇಕಾದುದು ಈ ನೋಟ್‌ಬುಕ್ಕಿನ ಬಳಿ. ಅಡಿಬರಹವನ್ನು ಮರೆಮಾಡಿ, ಇಬ್ಬಿಬ್ಬರಿಗೆ ಒಂದು ಹಾಳೆ ಕೊಟ್ಟು, ಆ ಗುಟ್ಟಿನ ಮಾತುಗಳನ್ನು ಇಂಗ್ಲಿಷಿನಲ್ಲಿ ಬರೆಯಹೇಳಲಿ. ನಾಲ್ಕು ಶಬ್ದದ ವಾಕ್ಯವಾದರೂ ಸಾಕು. ಅರ್ಥ ಆಗಲೇ ಮನಸ್ಸಿನಲ್ಲಿದೆ. ಬೇಕಾದುದು ಶಬ್ದ ಮಾತ್ರ.

ಇನ್ನೊಂದು ದೃಶ್ಯ. ತೋಟದ ಕೆಲಸ ಕೇಳಲು ಸಿರಿವಂತರ ಬಡಾವಣೆಗೆ ಹೋದ ತಂದೆ, ಗೇಟಿನಲ್ಲಿ ಅಳವಡಿಸಿದ ಫೋನಿನ ಮುಂದೆ ತಡವರಿಸುತ್ತಾನೆ. ಅಲಿ ಮುಂದೆ ಬಂದು ಅವನ ಪರವಾಗಿ ಮಾತಾಡುತ್ತಾನೆ. ಇಂಗ್ಲಿಷೆಂದರೆ ನಾಲಗೆ ಕಟ್ಟುವ ನಮ್ಮ ಮಕ್ಕಳಿಗೆ ಆ ತಡವರಿಕೆಯನ್ನು ಯಾರೂ ವಿವರಿಸಬೇಕಾಗಿಲ್ಲ.

ಕೊನೆಗೆ ಓಟದ ಪಂದ್ಯ. ಮೂರನೆಯ ಬಹುಮಾನಗಳಲ್ಲಿ ಜೋಡು ಇದೆ. ಮೂರನೆಯವನಾಗಬೇಕೆಂದು ಓಡಿದ ಅಲಿ ಮೊದಲನೆಯವನಾಗಿಬಿಡುತ್ತಾನೆ, ಗೆದ್ದು ಅಳುತ್ತಾನೆ. ಅವನು ಗೆದ್ದನೇ, ಸೋತನೇ? ಇದಕ್ಕೆ ಉತ್ತರ ಯಾವ ಗೈಡಿನಲ್ಲೂ ಸಿದ್ಧವಾಗಿಲ್ಲ. ವ್ಯಾಕರಣದಲ್ಲಿ ಬಾಯಿಪಾಠ ಮಾಡಿದ ‘ಬಟ್’, ‘ಬಿಕಾಸ್’ ಎಂಬ ಅವ್ಯಯಗಳಿಗೆ ಇಲ್ಲಿ ನಿಜವಾದ ಕೆಲಸ ದೊರೆಯುತ್ತದೆ.

ವಿಟ್ಟೋರಿಯೋ ಡಿ ಸಿಕಾ ಅವರ 1948ರ ‘ಬೈಸಿಕಲ್ ಥೀವ್ಸ್’ ಇದಕ್ಕಿಂತ ಹಿರಿದಾದ ಕೃತಿಯಲ್ಲವೇ ಎಂದು ಬಲ್ಲವರು ಕೇಳಬಹುದು. ಹಿರಿದೇ ಸರಿ. ಆದರೆ ಅಲ್ಲಿನ ಸಂಕಟ ಕೆಲಸ ತಪ್ಪೀತೆಂದು ಬೆದರಿದ ತಂದೆಯದು. ಇಲ್ಲಿನದು ಶಾಲೆಗೆ ತಡವಾಗುವ ಮಕ್ಕಳದು. ಒಂಬತ್ತನೆಯ ತರಗತಿಗೆ ಎರಡನೆಯದೇ ಹತ್ತಿರ.

ಚಿತ್ರ ಸುಮಾರು ಒಂದೂವರೆ ಗಂಟೆಯದು. ಎರಡು ಮೂರು ಪೀರಿಯಡ್ಡುಗಳಲ್ಲಿ ಮುಗಿಯುತ್ತದೆ. ನಿಮ್ಮ ಮಗು ಮನೆಗೆ ಬಂದು, ‘ಇಂಗ್ಲಿಷ್ ಪಾಠದಲ್ಲಿ ಪಾರಸಿ ಸಿನೆಮಾ ತೋರಿಸಿದರು’ ಎಂದರೆ ಹೊತ್ತು ವ್ಯರ್ಥವಾಯಿತೆಂದು ದಯವಿಟ್ಟು ಮುನಿಯಬೇಡಿ. ಅದು ಬರೆದ ಹಾಳೆಯನ್ನು ಕೇಳಿ ಓದಿ ನೋಡಿ.